ಸೊಟ್ಟ ಮಡಕೆ ಆರಿಸಿದ್ದು

ಉತ್ತರಹಳ್ಳಿಯಿಂದ ಫೋನ್ ಬಂದಾಗ ನಾನು ಜೆ.ಪಿ. ನಗರದ ಒಂದು ಮನೆಯಲ್ಲಿ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರಿಗೆ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದೆ. ಫೋನ್ ಮಾಡಿದವಳು ನನ್ನ ಇನ್ನೊಬ್ಬ ರೋಗಿ, ವಯಸ್ಸಾದ ಹೆಂಗಸೊಬ್ಬರ ಮಗಳು. ಆಕೆಯ ತಂದೆ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಹೋಗಿ ಮುಖ ನೋಡಿಕೊಂಡು ಬಂದಿದ್ದೆ.

"ಮೇಡಂ, ಅಮ್ಮ ನಿಮ್ಮನ್ನ ಕರೀತಿದಾರೆ. ಥೆರಪಿಗಲ್ಲ. ಏನು ಅಂತ ನನಗೂ ಹೇಳ್ತಿಲ್ಲ. ಇವತ್ತೇ ಬರೋಕಾಗತ್ತಾ?" ಅಂದಳು.

ನನ್ನದು ಆಕ್ಯುಪೇಷನಲ್ ಥೆರಪಿ. ಜನ ಫಿಸಿಯೋ ಅಂತಲೇ ಕರೆಯುತ್ತಾರೆ, ತಿದ್ದುವುದನ್ನು ಬಿಟ್ಟಿದ್ದೇನೆ. ಕೈಕಾಲಿಗೆ ಬಲ ತುಂಬುವುದಕ್ಕಿಂತ, ಇರುವ ಕೈಕಾಲಿನಲ್ಲೇ ಊಟ ಮಾಡುವುದು ಹೇಗೆ, ಸ್ನಾನ ಮಾಡುವುದು ಹೇಗೆ, ತಲೆ ಬಾಚಿಕೊಳ್ಳುವುದು ಹೇಗೆ ಎಂದು ಹುಡುಕಿಕೊಡುವುದು ನನ್ನ ಕೆಲಸ. ಸ್ಕೂಟರಿನ ಹಿಂದೆ ಒಂದು ಚೀಲ ಕಟ್ಟಿಕೊಂಡು ಬನಶಂಕರಿ, ಜಯನಗರ, ಉತ್ತರಹಳ್ಳಿ ಅಂತ ಮನೆಮನೆ ಸುತ್ತುತ್ತೇನೆ.

ಉತ್ತರಹಳ್ಳಿಯ ಆ ಅಮ್ಮನಿಗೆ ಕೈನಡುಕದ ತೊಂದರೆ. ಪಾರ್ಕಿನ್ಸನ್ಸ್ ಅಲ್ಲ, ಬೇರೆ ಬಗೆಯದು. ಕೈ ತೊಡೆಯ ಮೇಲಿಟ್ಟುಕೊಂಡು ಕೂತರೆ ಏನೂ ಇಲ್ಲ. ಏನನ್ನಾದರೂ ಹಿಡಿಯಲು ಚಾಚಿದ ಕೂಡಲೇ ಶುರು. ಚಾಚಿದಷ್ಟೂ ಹೆಚ್ಚು. ನಾಲ್ಕು ಜನ ನೋಡುತ್ತಿದ್ದರೆ ಇನ್ನೂ ಹೆಚ್ಚು. ಭಾರದ ಚಮಚ, ಮುಚ್ಚಳವಿರುವ ಲೋಟ, ಮೇಜಿಗೆ ಮೊಣಕೈ ಒತ್ತಿ ಉಣ್ಣುವುದು, ಇವನ್ನೆಲ್ಲ ಅವರಿಗೆ ನಾನೇ ರೂಢಿ ಮಾಡಿಸಿದ್ದೆ.

ಹೋದಾಗ ಅವರು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಗಳನ್ನು ಒಳಗೆ ಕಳಿಸಿ ನಡೆದದ್ದನ್ನು ತಾವೇ ಹೇಳಿದರು. ಹಿಂದಿನ ದಿನ ಅಸ್ಥಿ ಸಂಚಯನಕ್ಕೆ ಚಿತಾಗಾರಕ್ಕೆ ಹೋಗಿದ್ದರಂತೆ. ಗಂಡುಮಕ್ಕಳಿಲ್ಲದ ಕಾರಣ ಕ್ರಿಯೆ ಮಾಡುತ್ತಿದ್ದವನು ಬಾವನ ಮಗ. ಪುರೋಹಿತರು ಒಂದು ಮಣ್ಣಿನ ಕುಡಿಕೆ ತಂದಿದ್ದರು. ಅಸ್ಥಿ ತುಂಬುವ ಮೊದಲು ಒಂದು ಸಲ ನಾನು ಹಿಡಿದುಕೊಳ್ಳುತ್ತೇನೆ ಎಂದು ಇವರು ಕೈ ಚಾಚಿದರು. ಕುಡಿಕೆ ಕೈಗೆ ಬಂತು, ಬಂದ ಹಾಗೇ ಜಾರಿ ಸಿಮೆಂಟ್ ನೆಲದ ಮೇಲೆ ಬಿದ್ದು ಒಡೆಯಿತು. ಬೇರೆ ಕುಡಿಕೆ ತರಿಸಿ, ಅಸ್ಥಿ ತುಂಬಿ, ಬಟ್ಟೆ ಕಟ್ಟಿ ಅಲ್ಲಿನ ಕಪಾಟಿನಲ್ಲಿ ಇಟ್ಟು ಬಂದರು. ಕಾರಿನಲ್ಲಿ ಬಾವನ ಮಗ ಬಹಳ ಮೆತ್ತಗೆ, ಚಿಕ್ಕವ್ವ, ನೀವು ಹೊಳೆ ಹತ್ರ ಬರೋದೇ ಬೇಡ, ನಾನು ನೋಡ್ಕೊತೀನಿ ಅಂದನಂತೆ.

"ಮಡಕೆ ಒಡೆದೋಯ್ತು ಅಂತ ನಂಗೆ ದುಃಖ ಇಲ್ಲ ಕಣಮ್ಮ," ಅಂದರು. "ಯಾರೂ ಒಂದು ಮಾತಾಡ್ಲಿಲ್ವಲ್ಲ, ಅದು. ಏನೂ ತಿಳೀದಿರೋ ಮಗಾ ಏನೋ ಬೀಳಿಸ್ಬುಟ್ರೆ ಸುಮ್ಮನಾಗ್ತಾರಲ್ಲ, ಹಂಗೆ ಸುಮ್ಮನಾದ್ರು."

ಸೆರಗು ಸರಿಮಾಡಿಕೊಂಡು ಹೇಳಿದರು: "ಮದುವೆ ಆದಾಗಿಂದ ಅವ್ರಿಗೆ ತಟ್ಟೆ ಹಾಕಿದೋಳು ನಾನು. ಕೈ ನಡುಗೋಕೆ ಶುರುವಾದ ಮೇಲೂ ನಾನೇ ಹಾಕ್ತಿದ್ದೆ. ಸಾರು ಮೈಮೇಲೆ ಚೆಲ್ಲಿದ್ರೂ ಒರೆಸ್ಕೊಂಡು ಉಣ್ಣೋರು, ಬೇಡ ಅನ್ಲಿಲ್ಲ. ಈ ಕೊನೇದೊಂದು ಯಾಕೆ ಬೇರೆಯೋರ ಕೈಲಿ ಆಗ್ಬೇಕು? ನನ್ ಕೈಲಿ ಹಿಡಿಯೋಕೆ ಆಗೋಂಥ ಮಡಕೆ ಒಂದು ಹುಡುಕ್ಕೊಡು."

ಅಂಥದ್ದನ್ನು ಅದುವರೆಗೆ ಯಾವ ರೋಗಿಯೂ ನನ್ನನ್ನು ಕೇಳಿರಲಿಲ್ಲ. ಆಮೇಲೆ ನೋಡಿದರೆ ಅದು ನನ್ನ ದಿನನಿತ್ಯದ ಕೆಲಸವೇ. ಮಾಡಬೇಕಾದ ಕೆಲಸ ಒಂದಿದೆ, ಕೈ ಹೀಗಿದೆ, ನಡುವೆ ಒಂದು ವಸ್ತು ಬೇಕು. ಹುಡುಕುತ್ತೇನೆ ಅಂದೆ.

ಹೊರಗೆ ಬಂದಾಗ ಬಾವನ ಮಗ ಗೇಟಿನ ಹತ್ತಿರ ನಿಂತಿದ್ದ. ನಲವತ್ತೈದರ ಆಸುಪಾಸಿನ ಆಳು, ಮೇನ್ ರೋಡಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದಾನೆ. ಒಳಗಿನ ಮಾತು ಅವನಿಗೆ ಕೇಳಿಸಿತ್ತು. ತನಗೆ ಹಠವೇನೂ ಇಲ್ಲ ಅಂದ. ಆದರೆ ಶ್ರೀರಂಗಪಟ್ಟಣದಲ್ಲಿ ಮೆಟ್ಟಿಲೆಲ್ಲ ಪಾಚಿ ಕಟ್ಟಿರುತ್ತದೆ, ನಾವು ಗಂಡಸರೇ ನೋಡಿಕೊಂಡು ಇಳಿಯಬೇಕು ಅಂದ. "ಒಂದು ಸಲ ಖಾಲಿ ಕುಡಿಕೆ ಒಡೆದಿದೆ ಮೇಡಂ. ಚಿಕ್ಕಪ್ಪ ಒಳಗಿರುವಾಗ ಒಡೆದ್ರೆ ಚಿಕ್ಕವ್ವ ಅದರಿಂದ ಏಳಲ್ಲ." ಕೊನೆಗೆ ಅವನೇ ಒಂದು ದಾರಿ ಹೇಳಿದ. ಅವರ ಕಟ್ಟಡದ ಮೊದಲನೇ ಮಹಡಿಯಿಂದ, ತುಂಬಿದ ಮಡಕೆ ಹಿಡಿದುಕೊಂಡು, ಯಾರ ಕೈಯ ಆಸರೆಯೂ ಇಲ್ಲದೆ ಗೇಟಿನವರೆಗೆ ಬರಲಿ. ಬಂದರೆ ಹೊಳೆಯಲ್ಲಿ ಅವರೇ ಬಿಡಲಿ. ನನಗೆ ಅದು ನ್ಯಾಯ ಅನ್ನಿಸಿತು. ಹನ್ನೊಂದನೇ ದಿನದ ಕರ್ಮದೊಳಗೆ ವಿಸರ್ಜನೆ ಆಗಬೇಕಿತ್ತು. ಒಂದು ವಾರವೂ ಉಳಿದಿರಲಿಲ್ಲ.

ಮೊದಲು ಜಯನಗರದ ಪಾತ್ರೆ ಅಂಗಡಿಗೆ ಹೋದೆ. ಯಾವುದಕ್ಕೆ ಎಂದು ಹೇಳಿದ ಮೇಲೆ ಅಂಗಡಿಯವರು ಸಾಲಿನಲ್ಲಿಟ್ಟಿದ್ದನ್ನು ಮುಟ್ಟಲಿಲ್ಲ, ಒಳಗಿನಿಂದ ಒಂದು ತಾಮ್ರದ ಚೊಂಬು ತಂದರು. ಕತ್ತು ಸಣ್ಣದು, ಮುಚ್ಚಳ ಗಟ್ಟಿ, ಕೈಗೆ ಒಳ್ಳೆಯ ತೂಕ. ಭಾರದ ವಸ್ತು ನಡುಕವನ್ನು ಸ್ವಲ್ಪ ಹಿಡಿದಿಡುತ್ತದೆ ಅನ್ನುವುದು ನನ್ನ ಲೆಕ್ಕ. ಅಮ್ಮ ಅದನ್ನು ಹಿಡಿದದ್ದೇ ತಡ, ಬೆವರಿದ ಅಂಗೈಯಲ್ಲಿ ತಾಮ್ರ ಮೀನಿನಂತೆ ನುಣುಚಿತು. ಕೆಳಗೆ ಹಾಸಿಗೆ ಹಾಸಿದ್ದೆ, ಸದ್ಯ. ತಾಮ್ರ ಅವರಿಗೂ ಇಷ್ಟವಿರಲಿಲ್ಲ. ಬಿಟ್ಟು ಬೆನ್ನು ತಿರುಗಿಸಿದರೆ ಯಾರಾದರೂ ಮುಳುಗಿ ಎತ್ತಿಕೊಂಡು ಹೋಗುತ್ತಾರೆ, ಯಜಮಾನರು ಅಂಗಡಿಯಿಂದ ಅಂಗಡಿಗೆ ಸುತ್ತುವುದು ಬೇಡ ಅಂದರು.

ಆಮೇಲೆ ಜೆ.ಪಿ. ನಗರದಲ್ಲಿ ನೀರಿನಲ್ಲಿ ಕರಗುವಂಥ ಅಸ್ಥಿ ಪಾತ್ರೆ ಸಿಗುತ್ತದೆ ಎಂದು ಗೊತ್ತಾಯಿತು. ಕಾಗದದ ತಿರುಳು, ಸಗಣಿ ಸೇರಿಸಿ ಅಚ್ಚು ಹಾಕಿದ್ದು. ನೋಡಲು ಚೆಂದ, ಒರಟು ಮೈ, ಜಾರುವುದಿಲ್ಲ. ಇದೇ ಸರಿ ಎಂದು ತಂದೆ. ತೂಕಕ್ಕೆ ಅಕ್ಕಿ ತುಂಬಿ ಕೊಟ್ಟೆ. ಪಾತ್ರೆಗೆ ತನ್ನದೇ ಭಾರವಿಲ್ಲದ್ದರಿಂದ ಕೈ ಹೇಗೆ ಆಡಿತೋ ಅದೂ ಹಾಗೇ ಆಡಿತು. ಮುಚ್ಚಳ ಕುಣಿದು ಅಕ್ಕಿ ಸೀರೆಯ ಮೇಲೆಲ್ಲ ಚೆಲ್ಲಿತು. ಅಮ್ಮ ಒಂದೊಂದೇ ಕಾಳು ಕೊಡವಿಕೊಂಡು ಪಾತ್ರೆಯನ್ನು ಪಕ್ಕಕ್ಕಿಟ್ಟರು.

ಪಾತ್ರೆಯ ಯೋಚನೆ ಬಿಟ್ಟು ಕೈಯನ್ನೇ ಸರಿಮಾಡಲು ಹೊರಟೆ. ನನ್ನ ಚೀಲದಲ್ಲಿ ಮಣಿಕಟ್ಟಿಗೆ ಸುತ್ತುವ ತೂಕದ ಪಟ್ಟಿಗಳಿವೆ, ಒಳಗೆ ಕಬ್ಬಿಣದ ಪುಡಿ ಹೊಲಿದಿರುತ್ತದೆ. ಅವನ್ನು ಎರಡೂ ಕೈಗೆ ಕಟ್ಟಿ, ಪುರೋಹಿತರು ತಂದಂಥದ್ದೇ ಮಣ್ಣಿನ ಕುಡಿಕೆಗೆ ಅಕ್ಕಿ ತುಂಬಿ ಕೊಟ್ಟೆ. ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದರು. ನಡುಕ ಕಡಿಮೆಯಾದದ್ದು ಎದ್ದು ಕಾಣುತ್ತಿತ್ತು. ಮಗಳು ಕಣ್ಣೊರೆಸಿಕೊಂಡಳು. ನಾನು ಉಬ್ಬಿಹೋಗಿ ಬಾವನ ಮಗನಿಗೆ ಫೋನ್ ಮಾಡಿ, ಸಂಜೆ ಬನ್ನಿ, ನೋಡುವಿರಂತೆ ಅಂದೆ.

ಸಂಜೆ ಅವನು ಬಂದ. ಅಮ್ಮ ಮಹಡಿಯಿಂದ ಇಳಿಯತೊಡಗಿದರು. ಮೊದಲ ಕೆಲವು ಮೆಟ್ಟಿಲು ಚೆನ್ನಾಗಿತ್ತು. ಮೆಟ್ಟಿಲು ತಿರುಗುವ ಜಾಗಕ್ಕೆ ಬರುವಷ್ಟರಲ್ಲಿ ತೋಳು ದಣಿಯಿತು. ದಣಿದ ತೋಳಿನಲ್ಲಿ ನಡುಕ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ. ಸಮತಟ್ಟು ನೆಲದ ಮೇಲಿನ ಆ ನಾಲ್ಕು ಹೆಜ್ಜೆ ನೋಡಿ ನಾನು ಅದನ್ನು ಮರೆತಿದ್ದೆ. ಕುಡಿಕೆ ಕೈಯಲ್ಲಿ ಒಮ್ಮೆ ಎಗರಿ ಕೆಳಗೆ ಹೋಯಿತು. ಅಕ್ಕಿ ಮೆಟ್ಟಿಲ ಮೇಲೆ ಹರಡಿಕೊಂಡು ಕೆಳಗೆ ಬೈಕು ನಿಲ್ಲಿಸುವ ಜಾಗದವರೆಗೂ ಹೋಯಿತು. ಆಫೀಸಿನಿಂದ ಬರುತ್ತಿದ್ದ, ಮಹಡಿಯ ಬಾಡಿಗೆ ಮನೆಯ ಹುಡುಗಿ ಕಾಲೆಲ್ಲಿ ಇಡುವುದೆಂದು ತಿಳಿಯದೆ ನಿಂತುಬಿಟ್ಟಳು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಬಾವನ ಮಗ ಬಗ್ಗಿ ಚೂರುಗಳನ್ನು ಆರಿಸತೊಡಗಿದ. ಒಂದು ಮಾತೂ ಆಡಲಿಲ್ಲ. ಚಿತಾಗಾರದಲ್ಲಿ ಹೇಗೆ ಸುಮ್ಮನಾಗಿದ್ದರು ಎಂದು ಅಮ್ಮ ಹೇಳಿದ್ದು ನನಗೆ ಆಗ ಅರ್ಥವಾಯಿತು.

ಮನೆಗೆ ಬಂದು ಜೊತೆಯ ಥೆರಪಿಸ್ಟ್ ಒಬ್ಬಳಿಗೆ ಫೋನ್ ಮಾಡಿದೆ. ಇದು ನಮ್ಮ ಕೆಲಸ ಅಲ್ಲ, ಅಲ್ಲಿಗೆ ಬಿಡು ಅಂದಳು ಅವಳು. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನನಗೂ ಒಂದು ರಾಜಿಯ ದಾರಿ ಹೊಳೆದಿತ್ತು. ಮಡಕೆಯನ್ನು ಬಾವನ ಮಗನೇ ಹಿಡಿಯಲಿ, ಅಮ್ಮ ಅದರ ಮೇಲೆ ಕೈ ಇಡಲಿ. ಎಲ್ಲರಿಗೂ ಒಪ್ಪಿಗೆಯಾಗುತ್ತದೆ, ಫೋಟೋದಲ್ಲೂ ಚೆನ್ನಾಗಿ ಕಾಣುತ್ತದೆ. ಮರುದಿನ ಬೆಳಿಗ್ಗೆ ಅದನ್ನೇ ಹೇಳುವುದೆಂದು ಹೊರಟೆ.

ಅವತ್ತು ಅವರ ಬೀದಿಗೆ ಕಾವೇರಿ ನೀರು ಬಿಟ್ಟಿದ್ದರು. ನಾನು ಗೇಟು ತೆಗೆಯುವ ಹೊತ್ತಿಗೆ ಅಮ್ಮ ಅಂಗಳದ ನಲ್ಲಿಯ ಕೆಳಗಿನಿಂದ ಪ್ಲಾಸ್ಟಿಕ್ ಬಿಂದಿಗೆ ಎತ್ತಿ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಮಗಳು ಒಳಗಿದ್ದಳು, ನೋಡಿದ್ದರೆ ಬಿಡುತ್ತಿರಲಿಲ್ಲ. ಅವರು ಬಿಂದಿಗೆ ಹೊತ್ತು ತುಳಸಿಕಟ್ಟೆ ದಾಟಿ ಹಿತ್ತಿಲ ಬಾಗಿಲ ಕಡೆ ನಡೆದರು. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ.

ಎಡಗೈ ಬಿಂದಿಗೆಯ ಕತ್ತನ್ನು ಬಳಸಿತ್ತು. ಮೊಣಕೈ ಪಕ್ಕೆಗೆ ಒತ್ತಿತ್ತು. ಮಣಿಕಟ್ಟಿನಿಂದ ಮುಂದಿನ ಕೈ ಬಿಂದಿಗೆಯ ಆಚೆ ಖಾಲಿಯಾಗಿ ಇಳಿಬಿದ್ದು ತನ್ನ ಪಾಡಿಗೆ ನಡುಗುತ್ತಿತ್ತು. ಬಿಂದಿಗೆ ನಡುಗುತ್ತಿರಲಿಲ್ಲ. ಕತ್ತಿನವರೆಗೆ ನೀರಿತ್ತು, ಒಂದು ಹನಿ ಆಚೆ ಬರಲಿಲ್ಲ.

ಅವರ ನಡುಕವಿದ್ದದ್ದು ತೋಳಿನ ತುದಿಯಲ್ಲಿ. ಮೊಣಕೈ ಮೈಗೆ ಅಂಟಿದರೆ ಮೊಣಕೈಯಿಂದ ಹಿಂದಕ್ಕೆ ನಡುಕಕ್ಕೆ ಆಡಲು ಜಾಗವಿಲ್ಲ. ಉಣ್ಣುವಾಗ ಮೊಣಕೈ ಒತ್ತಿ ಕೂರಿ ಎಂದು ನಾನು ಹೇಳಿಕೊಟ್ಟಿದ್ದೂ ಇದಕ್ಕೇ. ಆದರೆ ಅಸ್ಥಿ ಕುಡಿಕೆ ಅಂದ ಕೂಡಲೇ, ಎಲ್ಲರೂ ಹಿಡಿಯುವ ಹಾಗೆ, ಎರಡು ಕೈ ಮುಂದೆ ಚಾಚಿ ಬೆರಳಲ್ಲಿ ಹಿಡಿಯುವುದೊಂದೇ ನನ್ನ ಕಣ್ಣ ಮುಂದೆ ಇತ್ತು. ಇರುವ ಭಂಗಿಗಳಲ್ಲೆಲ್ಲ ಅವರ ಕೈಗೆ ಅತಿ ಕಷ್ಟದ ಭಂಗಿ ಅದು. ಅದಕ್ಕೇ ಒಪ್ಪುವ ಪಾತ್ರೆಯನ್ನು ನಾನು ಅಷ್ಟು ದಿನ ಹುಡುಕುತ್ತಿದ್ದೆ.

ರಾಜಿಯ ಮಾತು ಆಡಲೇ ಇಲ್ಲ. "ಅಮ್ಮ, ಕೈಗೆ ಮಡಕೆ ಹುಡುಕೋದು ಬಿಡೋಣ," ಅಂದೆ. "ಸೊಂಟಕ್ಕೆ ಹುಡುಕೋಣ."

ಅವರು ನನ್ನನ್ನು ನೋಡಿದರು, ಕೆಳಗಿಟ್ಟ ಬಿಂದಿಗೆಯನ್ನು ನೋಡಿದರು. ಅಸ್ಥಿಯನ್ನು ಯಾರಾದರೂ ಸೊಂಟದ ಮೇಲೆ ಹೊತ್ತುಕೊಂಡು ಹೋಗುತ್ತಾರಾ ಎಂದು ಕೇಳಿದರು. ಹೋಗಬಾರದು ಎಂದು ಯಾರಾದರೂ ಹೇಳಿದ್ದಾರಾ ಎಂದು ನಾನು ಕೇಳಿದೆ. ಪುರೋಹಿತರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆವು. ಶಾಸ್ತ್ರದಲ್ಲಿ ಬೇಡ ಅಂತ ಎಲ್ಲೂ ಕಾಣೆ, ವಾಡಿಕೆ ಇಲ್ಲ ಅಷ್ಟೇ ಅಂದರು ಅವರು. ಅಮ್ಮ ಸ್ವಲ್ಪ ಯೋಚಿಸಿ, "ಮಗೂನ ಎತ್ಕೊಂಡಂಗೆ ಎತ್ಕೊಂಡು ಹೋದ್ರಾಯ್ತು ಬಿಡು," ಅಂದರು.

ಬನಶಂಕರಿಯಲ್ಲಿ ಒಂದು ದೊಡ್ಡ ಮರದ ಕೆಳಗೆ ಫುಟ್‌ಪಾತಿನ ಮೇಲೆ ಮಡಕೆ ರಾಶಿ ಹಾಕಿ ಮಾರುವವರಿದ್ದಾರೆ. ಮಗಳು ಕಾರು ತಂದಳು. ಸೂತಕದಲ್ಲಿ ಅಮ್ಮ ಹೊರಗೆ ಬರುವುದು ಬೇಡವೆಂದು ಅವಳಿಗಿತ್ತು. ಸೊಂಟ ಅವರದು, ಅವರಿಲ್ಲದೆ ಹೇಗೆ ಆರಿಸುವುದು ಎಂದು ನಾನು ಒತ್ತಾಯ ಮಾಡಿದ್ದೆ. ಅವರು ಕಾರಿನಲ್ಲಿ ಕೂತಿದ್ದರು, ನಾನು ಇಳಿದು ಅಂಗಡಿಯವನಿಗೆ ಕತ್ತಿರುವ, ಬಾಯಿ ಅಗಲವಿರುವ ಮಡಕೆಗಳನ್ನು ಒಂದೊಂದಾಗಿ ತೋರಿಸಲು ಕೇಳಿದೆ. ನೀರಿಗಾ, ಗಿಡಕ್ಕಾ ಎಂದ. ಸತ್ಯ ಹೇಳಿದೆ. ಅವನು ಎತ್ತಿದ್ದ ಮಡಕೆಯನ್ನು ಕೆಳಗಿಟ್ಟ.

"ಆ ಕೆಲಸಕ್ಕಾದ್ರೆ ಆರಿಸೋ ಹಂಗಿಲ್ಲ ಮೇಡಂ. ಮೊದಲು ಕೈಗೆ ಸಿಕ್ಕಿದ್ದು ತಗೊಂಡು, ಹಿಂದೆ ನೋಡ್ದೆ ಹೋಗ್ಬೇಕು."

ನಾನು ವಾದ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಕಾರಿನ ಬಾಗಿಲು ತೆರೆದ ಸದ್ದಾಯಿತು. ಅಮ್ಮ ಇಳಿದು ಬಂದು ಅವನ ಮುಂದೆ ನಿಂತರು. ಮಾತಾಡುವಾಗ ಎರಡೂ ಕೈಯನ್ನು ಎದುರಿಗೆ ಚಾಚಿದರು, ನಡುಗುತ್ತಿದ್ದುದನ್ನು ಮುಚ್ಚಿಡಲಿಲ್ಲ.

"ಮೊದಲು ಸಿಕ್ಕಿದ್ದು ಒಡೆದೋಯ್ತು ಕಣಪ್ಪ. ಈ ಸಲ ಆರಿಸ್ತೀನಿ."

ಅವನು ಆ ಕೈಗಳನ್ನು ನೋಡಿದ. ಪಕ್ಕಕ್ಕೆ ಸರಿದು, ಹಿಂದಿನ ಸಾಲಿನ ಮಡಕೆಗಳನ್ನೂ ಮುಂದಕ್ಕೆ ತಂದಿಟ್ಟ.

ಪಕ್ಕದಲ್ಲಿ ಬಸ್ಸುಗಳು ಹೋಗುತ್ತಿದ್ದವು. ಅಮ್ಮ ಒಂದೊಂದನ್ನೇ ಸೊಂಟಕ್ಕೆ ಇಟ್ಟು ನೋಡಿದರು. ನಾನು ಬಗ್ಗಿ ಮಡಕೆಗೂ ಸೊಂಟಕ್ಕೂ ನಡುವೆ ಸಂದು ಎಲ್ಲೆಲ್ಲಿ ಉಳಿಯುತ್ತದೆ ಎಂದು ಬೆರಳು ತೂರಿಸಿ ನೋಡಿದೆ. ಹೊಟ್ಟೆ ದೊಡ್ಡದಿದ್ದರೆ ಮೊಣಕೈ ಪಕ್ಕೆಯಿಂದ ದೂರ ಹೋಗುತ್ತಿತ್ತು, ಆಗ ನಡುಕ ತೋಳಿಗೂ ಏರುತ್ತಿತ್ತು. ಕತ್ತು ಗಿಡ್ಡವಾದರೆ ತೋಳು ನಿಲ್ಲುತ್ತಿರಲಿಲ್ಲ. ಬಾಯಿ ಸಣ್ಣದಾದರೆ ಮೂಳೆ ತುಂಡುಗಳು ಸಿಕ್ಕಿಕೊಳ್ಳುತ್ತವೆ. ಬಣ್ಣ ಬಳಿದು ನುಣುಪು ಮಾಡಿದವನ್ನು ನಾನೇ ಬೇಡವೆಂದೆ. ಎಲ್ಲವೂ ಸರಿಯಿದ್ದ ಒಂದೆರಡು ಸಿಕ್ಕವು. ಆದರೆ ದುಂಡು ಮಡಕೆ ದುಂಡಾಗಿಯೇ ಉರುಳಲು ನೋಡುತ್ತದೆ. ಅಮ್ಮನಿಗೆ ವಯಸ್ಸಿನಲ್ಲಿ ಸೊಂಟ ಕರಗಿತ್ತು. ಹೊತ್ತು ಹತ್ತು ಹೆಜ್ಜೆ ನಡೆದರೆ ಮಡಕೆ ಮೆಲ್ಲಗೆ ಮುಂದಕ್ಕೆ ತಿರುಗಿ ಜಾರುತ್ತಿತ್ತು.

ಅಷ್ಟರಲ್ಲಿ ಅವರ ಕಣ್ಣು ಮರದ ಬುಡಕ್ಕೆ ಹೋಯಿತು. ಅಲ್ಲಿ ಒಂದಷ್ಟು ಮಡಕೆಗಳನ್ನು ಬೇರೆಯಾಗಿ ಇಟ್ಟಿದ್ದ. ಸುಡುವ ಮೊದಲೇ ಒಂದಕ್ಕೊಂದು ಒರಗಿ ಸೊಟ್ಟಗಾದವು, ಗಿಡ ನೆಡುವವರು ಒಯ್ಯುತ್ತಾರೆ ಎಂದ. ಅದರಲ್ಲಿ ಒಂದು ಕತ್ತು ಉದ್ದದ ಮಡಕೆ. ಒಂದು ಮಗ್ಗುಲು ಯಾರೋ ಅಂಗೈಯಿಂದ ಒತ್ತಿದಂತೆ ಚಪ್ಪಟೆಯಾಗಿತ್ತು. ಅಮ್ಮ ಆ ಚಪ್ಪಟೆ ಮಗ್ಗುಲನ್ನು ಸೊಂಟಕ್ಕೆ ಆನಿಸಿ ತೋಳು ಬಳಸಿದರು. ನಾನು ಬೆರಳು ತೂರಿಸಲು ನೋಡಿದೆ. ಸಂದೇ ಇರಲಿಲ್ಲ.

ಅವರು ಫುಟ್‌ಪಾತಿನ ಆ ತುದಿಯವರೆಗೆ ನಡೆದು, ತಿರುಗಿ ಬಂದರು. ಮಡಕೆ ಕದಲಲಿಲ್ಲ. ಅಂಗಡಿಯವನು ಬೆರಳಿನ ಗಿಣ್ಣಿನಿಂದ ಅದನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಬಿರುಕಿಲ್ಲ ಅಮ್ಮ, ತಗೊಂಡ್ಹೋಗಿ ಅಂದ.

ಮಡಕೆ ಸಿಕ್ಕ ಮೇಲೆ ಉಳಿದದ್ದು ಹೊಲಿಗೆಯ ಕೆಲಸ. ಹಳೆಯ ಹತ್ತಿ ಸೀರೆ ಹರಿದು ಹುರಿ ಹೊಸೆದು, ತಲೆಯ ಮೇಲೆ ಹೊರುವವರು ಇಟ್ಟುಕೊಳ್ಳುತ್ತಾರಲ್ಲ, ಅಂಥ ಸಿಂಬೆ ಮಾಡಿದೆ. ಪೂರ್ತಿ ಸುತ್ತು ಅಲ್ಲ, ಅರ್ಧ. ಅದನ್ನು ಬೆನ್ನುನೋವಿನವರು ಹಾಕುವ ಸೊಂಟದ ಪಟ್ಟಿಗೆ ಹೊಲಿದೆ. ಸೀರೆಯ ಮೇಲೆ ಪಟ್ಟಿ ಬಿಗಿದರೆ ಮಡಕೆಯ ತಳ ಸಿಂಬೆಯ ಮೇಲೆ ಕೂರುತ್ತಿತ್ತು. ಅಮ್ಮ ಎರಡು ಸಲ ಬಿಚ್ಚಿಸಿ ಇನ್ನೂ ಸ್ವಲ್ಪ ಹಿಂದಕ್ಕೆ ಹೊಲಿಸಿದರು.

ಬಾಯಿಗೆ ಕಟ್ಟುವ ಬಟ್ಟೆ ಇನ್ನೊಂದು ತಲೆನೋವಾಯಿತು. ಗಂಟು ಬಿಚ್ಚುವುದು ಅವರ ಬೆರಳಿಗೆ ಆಗದ ಕೆಲಸ, ಬೇರೆಯವರು ಬಿಚ್ಚಿದರೆ ಅವರಿಗೆ ಸಮಾಧಾನವಿಲ್ಲ. ಬಾಳೆನಾರಿನಲ್ಲಿ ಎಳೆದರೆ ಬಿಚ್ಚುವಂಥ ಗಂಟು ಹಾಕಿ, ತುದಿಗೆ ಬಳೆಯಷ್ಟು ದೊಡ್ಡ ಕುಣಿಕೆ ಬಿಟ್ಟೆ. ಬಲಗೈಯನ್ನು ಅದರೊಳಗೆ ತೂರಿಸಿ ಮೊಣಕೈ ಹಿಂದಕ್ಕೆ ಎಳೆದರೆ ಸಾಕು, ಬೆರಳಿಗೆ ಕೆಲಸವೇ ಇಲ್ಲ. ಬಟ್ಟೆ ಒಗೆಯುವ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಮರಳು ಮತ್ತು ಕೊಬ್ಬರಿ ಚಿಪ್ಪಿನ ಚೂರು ಹಾಕಿದ ಮಡಕೆಯನ್ನು ಬಿಟ್ಟು ನೋಡಿದೆವು. ನೆಟ್ಟಗೆ ಬಿಟ್ಟರೆ ಅದು ತೇಲಿ ನಿಂತಿತು. ಬಾಯಿ, ಹೊಳೆಯಲ್ಲಾದರೆ ಹರಿವಿನ ಎದುರು ಬರುವಂತೆ, ತೋಳಿನಿಂದ ವಾಲಿಸಿದರೆ ನೀರು ನುಗ್ಗಿ, ಒಳಗಿನದೆಲ್ಲ ಹೊರಬಂದು, ಮುಳುಗಿತು. ಆ ವಾಲಿಸುವುದನ್ನು ಅಮ್ಮ ಮತ್ತೆ ಮತ್ತೆ ಮಾಡಿದರು. ಕೊನೆಕೊನೆಗೆ ನಾನು ಹೇಳುವುದೇನೂ ಉಳಿಯಲಿಲ್ಲ.

ಮೆಟ್ಟಿಲ ಪರೀಕ್ಷೆಗೆ ಬಾವನ ಮಗ ಬೆಳಿಗ್ಗೆ ಬಂದ. ಮಗಳು ಮೆಟ್ಟಿಲಿಗೆಲ್ಲ ಒಂದು ಬಕೆಟ್ ನೀರು ಸುರಿದಳು, ಅದು ಅಮ್ಮನೇ ಹೇಳಿದ್ದು. ಅಮ್ಮ ಮೇಲಿನಿಂದ ಇಳಿದು ಬಂದರು. ಎಡ ಸೊಂಟದ ಮೇಲೆ ತುಂಬಿದ ಮಡಕೆ, ಬಲಗೈ ಗೋಡೆಯ ಮೇಲೆ. ಮೊನ್ನೆ ಕುಡಿಕೆ ಬಿದ್ದ ತಿರುವಿನಲ್ಲಿ ಒಂದು ಗಳಿಗೆ ನಿಂತು ಉಸಿರೆಳೆದುಕೊಂಡರು. ಮತ್ತೆ ಇಳಿದರು. ಗೇಟಿನವರೆಗೆ ಬಂದು ಅವನ ಮುಂದೆ ನಿಂತರು.

"ಇನ್ನೊಂದ್ಸಲ ಬನ್ನಿ ಚಿಕ್ಕವ್ವ," ಅಂದ ಅವನು.

ನನಗೆ ಸಿಟ್ಟು ಬಂತು. ಆದರೆ ಎರಡನೇ ಸಲ ಅವರು ಇಳಿಯುವಾಗ ಅವನು ಗೇಟಿನಲ್ಲಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲಿಗೆ ಬಂದು, ಅವರಿಗಿಂತ ಕೆಳಗೆ, ಅವರ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ಇಳಿಯುತ್ತಾ ಬಂದ. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹೊಳೆಯಲ್ಲಿ ತಾನು ಎಲ್ಲಿ ನಿಂತರೆ ಅವರಿಗೆ ಅಡ್ಡವಾಗುವುದಿಲ್ಲ, ಜಾರಿದರೆ ಎಲ್ಲಿದ್ದರೆ ಹಿಡಿಯಬಹುದು ಎಂದು ನೋಡುತ್ತಿದ್ದ.

ಹೊರಡುವ ದಿನ ಮೊದಲು ಚಿತಾಗಾರಕ್ಕೆ ಹೋದೆವು. ಕಪಾಟಿನಿಂದ ತೆಗೆದ ಅಸ್ಥಿಯನ್ನು ಬಾವನ ಮಗ ಸೊಟ್ಟ ಮಡಕೆಗೆ ತುಂಬಿದ. ನಾನು ಬಾಳೆನಾರಿನ ಗಂಟು ಹಾಕಿದೆ. ಬಿಗಿ ಸಾಕೇ ಎಂದು ಎಳೆದು ನೋಡುವ ಹಾಗಿರಲಿಲ್ಲ. ಎಷ್ಟೋ ರೋಗಿಗಳಿಗೆ ಎಷ್ಟೋ ಪಟ್ಟಿ ಕಟ್ಟಿದ್ದೇನೆ, ಅವತ್ತಿನಷ್ಟು ಅಂಜಿಕೊಂಡು ಕಟ್ಟಿದ್ದಿಲ್ಲ.

ಶ್ರೀರಂಗಪಟ್ಟಣದಲ್ಲಿ ಹೊಳೆ ನಾವು ಎಣಿಸಿದ್ದಕ್ಕಿಂತ ತುಂಬಿ ಹರಿಯುತ್ತಿತ್ತು. ಕೆಳಗಿನ ಮೆಟ್ಟಿಲುಗಳು ಕಾಣುತ್ತಲೇ ಇರಲಿಲ್ಲ. ಬೇರೆ ಬೇರೆ ಊರಿನ ಮನೆಯವರು ಗುಂಪುಗುಂಪಾಗಿ ತಮ್ಮ ಸರದಿಗೆ ಕಾಯುತ್ತಿದ್ದರು. ದಡದ ಮೇಲಿನ ಪೂಜೆ ಮುಗಿಸಿ ಅಲ್ಲಿನ ಪುರೋಹಿತರು ನೀರನ್ನೂ ಅಮ್ಮನನ್ನೂ ನೋಡಿದರು. ತೆಪ್ಪದಲ್ಲಿ ಹೋಗಿ ಬಿಡಿ, ಇಲ್ಲವೇ ಇಲ್ಲಿ ಈಜುವ ಹುಡುಗರ ಕೈಗೆ ಕೊಡಿ ಅಂದರು. ತೆಪ್ಪದಲ್ಲಿ ಕೂತರೆ ಸೊಂಟದ ಆಸರೆ ಹೋಯಿತು, ಮತ್ತೆ ಕೈ ಚಾಚಲೇಬೇಕು. ನಾನು ಅದನ್ನು ಹೇಳುವ ಮೊದಲೇ ಅಮ್ಮ ಹೇಳಿದರು, ನೀರಿಗೆ ಎರಡು ಮೆಟ್ಟಿಲು ಇಳಿದರೆ ಸಾಕು, ಮಡಕೆಗೆ ನೀರು ಮುಟ್ಟುತ್ತದೆ.

ಬಾವನ ಮಗ ಕಾರಿನ ಡಿಕ್ಕಿ ತೆಗೆದು ಗೋಣಿಚೀಲಗಳನ್ನು ತಂದ. ನಾನು ಹೇಳಿರಲಿಲ್ಲ, ತಾನೇ ಅಂಗಡಿಯಿಂದ ಹಾಕಿಕೊಂಡು ಬಂದಿದ್ದ. ಅವನ್ನು ನೀರಿನಲ್ಲಿ ಅದ್ದಿ ಹಿಂಡಿ ಪಾಚಿಯ ಮೆಟ್ಟಿಲುಗಳ ಮೇಲೆ ಹಾಸಿ, ಅಂಚಿಗೆ ಕಲ್ಲು ಹೇರಿದ. ಮೊದಲು ತಾನೇ ಇಳಿದು, ಕುಣಿದು ನೋಡಿ, ಸೊಂಟಮಟ್ಟದ ನೀರಿನಲ್ಲಿ ನಿಂತ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದರು. ದಡದಲ್ಲಿದ್ದವರೆಲ್ಲ ನೋಡುತ್ತಿದ್ದರು. ಜನ ನೋಡಿದರೆ ನಡುಕ ಹೆಚ್ಚುತ್ತದೆ ಎಂದು ಹೇಳಿದ್ದೆನಲ್ಲ, ಹಾಗೇ ಆಯಿತು. ಎಡಗೈಯ ಬೆರಳುಗಳು ಮಡಕೆಯ ಮುಂದೆ ಗಾಳಿಗೆ ಸಿಕ್ಕ ಎಲೆಯಂತೆ ಆಡುತ್ತಿದ್ದವು. ನಾನು ಬೆರಳು ನೋಡುವುದನ್ನು ಬಿಟ್ಟು ಮಡಕೆಯ ಬಾಯಿಯ ಬಟ್ಟೆ ನೋಡಿದೆ. ಅದು ಅಲುಗುತ್ತಿರಲಿಲ್ಲ. ಒಂದು ಮೆಟ್ಟಿಲು, ಇನ್ನೊಂದು. ನೀರು ತೊಡೆಗೆ ಬಂತು. ಮೂರನೆಯದನ್ನು ಕಾಲಿನಿಂದ ತಡವಿ ಅದನ್ನೂ ಇಳಿದರು. ಸೊಂಟಕ್ಕೆ ನೀರು ಮುಟ್ಟಿತು.

ಪುರೋಹಿತರು ಮೇಲಿನಿಂದ ತೀರಿಕೊಂಡವರ ಹೆಸರು ಹೇಳಿ ಅಂದರು. ಬಾವನ ಮಗ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಗಂಡನ ಹೆಸರನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. ನನ್ನ ಪಕ್ಕದಲ್ಲಿದ್ದ ಮಗಳು ನನ್ನ ತೋಳು ಹಿಡಿದುಕೊಂಡಳು. ಅಮ್ಮನ ಬಾಯಲ್ಲಿ ಅಪ್ಪನ ಹೆಸರು ಅವಳು ಕೇಳಿದ್ದು ಅದೇ ಮೊದಲು.

ಅಮ್ಮ ಬಲಗೈಯನ್ನು ಕುಣಿಕೆಗೆ ತೂರಿಸಿ ಹಿಂದಕ್ಕೆ ಎಳೆದರು. ಗಂಟು ಬಿಚ್ಚಿ ಬಟ್ಟೆ ಕಳಚಿತು. ತೋಳು ವಾಲಿಸಿದರು. ಮಡಕೆ ಸೊಂಟದಿಂದ ನೀರಿಗೆ ಜಾರಿ, ಬಾಯಿ ಎದುರಿಗೆ ತಿರುಗಿ, ಗುಳುಗುಳು ನೀರು ಕುಡಿಯಿತು. ಬೂದಿ ಬಿಳಿಯ ಪಟ್ಟಿಯಂತೆ ಅವರ ಪಕ್ಕದಿಂದ ಹರಿದು ಹೋಯಿತು. ಮಡಕೆ ಒಮ್ಮೆ ಸುತ್ತು ಹಾಕಿ ಮುಳುಗಿತು. ಅವರ ಎರಡೂ ಕೈ ಮೊಣಕೈಯವರೆಗೆ ನೀರಿನಲ್ಲಿದ್ದವು. ನೀರಿನ ಒತ್ತಡಕ್ಕೆ ನಡುಕ ತಗ್ಗುತ್ತದೆ, ಅದು ನನಗೆ ಗೊತ್ತಿರುವ ವಿಷಯವೇ. ಆದರೂ ಆ ಕೈಗಳು ಅಷ್ಟು ನಿಶ್ಚಲವಾಗಿ ಇದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಿಳಿಯ ಪಟ್ಟಿ ಪೂರ್ತಿ ಮರೆಯಾಗುವವರೆಗೂ ಅವರು ಹಾಗೇ ನಿಂತಿದ್ದರು.

ಅವರು ಮೆಟ್ಟಿಲ ಕಡೆ ತಿರುಗಿದಾಗ ಬಾವನ ಮಗ ತನಗೆ ತಿಳಿಯದೆಯೇ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡ. ಅಮ್ಮ ಒಬ್ಬರೇ ಮೇಲೆ ಬಂದರು. ಒದ್ದೆ ಸೀರೆ, ಕೆಂಪಗಾದ ಮುಖ. ಕಣ್ಣಲ್ಲಿ ನೀರಿತ್ತು, ತಲೆ ಮಾತ್ರ ನೆಟ್ಟಗಿತ್ತು.

ದಡದಲ್ಲಿ ಕಾಯುತ್ತಿದ್ದ ಇನ್ನೊಂದು ಮನೆಯವರ ಜೊತೆ ಒಬ್ಬ ವಯಸ್ಸಾದ ಹೆಂಗಸು ಕಲ್ಲಿನ ಮೇಲೆ ಕೂತಿದ್ದರು. ಬಂದಾಗಿನಿಂದ ಅವರನ್ನು ಅಲ್ಲೇ ಕೂರಿಸಿದ್ದರು. ಆಕೆ ಎದ್ದು ನಿಂತರು. ಕುಡಿಕೆ ಹಿಡಿದಿದ್ದ ಮಗನ ಹತ್ತಿರ ಹೋಗಿ ಏನೋ ಹೇಳಿದರು, ಅವನು ಬೇಡವೆಂಬಂತೆ ತಲೆಯಾಡಿಸಿದ, ಆಕೆ ಮತ್ತೆ ಹೇಳಿದರು. ಆಮೇಲೆ ಇಬ್ಬರೂ ಮೆಟ್ಟಿಲ ಕಡೆ ಬಂದರು.

ಬಾವನ ಮಗ ಗೋಣಿಚೀಲ ಸುತ್ತಲು ಬಗ್ಗಿದ್ದ.

"ಬಿಡೋ, ಅಲ್ಲೇ ಇರ್ಲಿ," ಅಂದರು ಅಮ್ಮ. "ಅವ್ರೂ ಇಳೀತಾರೆ."